ಸಂಧಿಪತ್ರದ ದಿನ ಹುಟ್ಟಿದ ದೊರೆ

ಶಾಂತಸಾಗರದ ನಟ್ಟನಡುವೆ, ಜಪಾನಿಗೂ ಅಮೆರಿಕದ ತೀರಕ್ಕೂ ಸಾವಿರಾರು ಮೈಲಿಗಳ ದೂರದಲ್ಲಿ ಹವಾಯಿ ದ್ವೀಪಗಳಿವೆ. ಇಂದು ಅವು ಅಮೆರಿಕ ಸಂಯುಕ್ತ ಸಂಸ್ಥಾನಗಳ ಐವತ್ತನೆಯ ರಾಜ್ಯ. ಆದರೆ 1893ರ ತನಕ ಅಲ್ಲಿ ಒಂದು ಸ್ವತಂತ್ರ ಅರಸೊತ್ತಿಗೆಯಿತ್ತು. ಅದಕ್ಕೆ ತನ್ನದೇ ಧ್ವಜ, ನಾಣ್ಯ, ಶಾಸನಸಭೆ, ರಾಷ್ಟ್ರಗೀತೆಗಳಿದ್ದವು. ಆ ಪೀಠದ ಮೇಲೆ ಕುಳಿತ ಗಂಡರಸರಲ್ಲಿ ಕಡೆಯವನು ಕಲಾಕಾವ. ಪಾಶ್ಚಾತ್ಯ ಲೇಖಕರು ಅವನನ್ನು ವಿನೋದಪ್ರಿಯ ದೊರೆಯೆಂದು ಕರೆದು, ಅವನ ಔತಣಗಳನ್ನೂ ಇಸ್ಪೀಟಿನ ಆಟಗಳನ್ನೂ ಬಣ್ಣಿಸಿ ಕೈತೊಳೆದುಕೊಂಡರು. ಅವನ ಬಾಳನ್ನು ಓದಿದಷ್ಟೂ ನನಗೆ ಆ ಬಿರುದು ಅನ್ಯಾಯವಾದದ್ದೆಂದೇ ತೋರುತ್ತದೆ. ಸಕ್ಕರೆಯೊಂದೇ ಬಂಡವಾಳವಾಗಿದ್ದ ಸಣ್ಣ ನಾಡಿನ ಒಡೆಯನೊಬ್ಬನು, ಆ ಸಕ್ಕರೆಗೆ ಮಾರುಕಟ್ಟೆಯನ್ನೂ ತನ್ನ ಜನಕ್ಕೆ ಮಾನವನ್ನೂ ದೊರಕಿಸಲು ದೇಶಾಂತರ ಹೋದ ಕಥೆ ಅದು. ಮಾರುಕಟ್ಟೆಯೇನೋ ದೊರಕಿತು, ಅದಕ್ಕೆ ತೆತ್ತ ಬೆಲೆಯ ವಿಚಾರವನ್ನು ಮುಂದೆ ಹೇಳುತ್ತೇನೆ.

ಅವನು ಹುಟ್ಟಿದ್ದು 1836ರ ನವೆಂಬರ್ 16ರಂದು, ಹೊನೊಲುಲು ನಗರದಲ್ಲಿ. ಅದೇ ದಿನ ಬ್ರಿಟಿಷ್ ನೌಕಾಧಿಕಾರಿ ಲಾರ್ಡ್ ಎಡ್ವರ್ಡ್ ರಸೆಲ್ ತನ್ನ ಯುದ್ಧನೌಕೆಯ ಬಲದಿಂದ ಹವಾಯಿಯ ಅರಸನ ಮೇಲೆ ಒಂದು ಅಸಮ ಸಂಧಿಪತ್ರವನ್ನು ಹೇರಿದನು. ಆ ದಿನದ ನೆನಪಿಗೆಂದು ಕೂಸಿಗೆ ಕಲಾಕಾವ ಎಂದು ಹೆಸರಾಯಿತು. ಕನ್ನಡದ ಕಿವಿಗೆ ಈ ಹೆಸರಿನ ಮೊದಲಲ್ಲಿ ಕಲೆಯೇ ಕೇಳಿಬರುತ್ತದೆ. ಅವನ ಸ್ವಭಾವಕ್ಕೆ ಅದು ಒಪ್ಪುವುದೂ ಹೌದು. ಆದರೆ ಹವಾಯಿಯ ನುಡಿಯಲ್ಲಿ ಅದರ ಅರ್ಥ ಯುದ್ಧದ ದಿನ ಎಂದು. ಸಂಧಿಪತ್ರದ ದಿನ ಹುಟ್ಟಿದವನ ಆಯುಷ್ಯವೆಲ್ಲ ಸಂಧಿಪತ್ರಗಳ ನಡುವೆಯೇ ಕಳೆಯಿತು.

ಅವನು ಬೆಳೆದ ಕಾಲದ ಹವಾಯಿಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. 1778ರಲ್ಲಿ ಕ್ಯಾಪ್ಟನ್ ಕುಕ್ ಅಲ್ಲಿಗೆ ಬಂದಾಗ ಜನಸಂಖ್ಯೆ ಲಕ್ಷಗಳಲ್ಲಿತ್ತು. ಹಡಗುಗಳೊಡನೆ ಬಂದ ಸಿಡುಬು, ದಡಾರ, ಗುಹ್ಯರೋಗಗಳಿಗೆ ಆ ದ್ವೀಪವಾಸಿಗಳ ದೇಹದಲ್ಲಿ ತಡೆಯೇ ಇರಲಿಲ್ಲ. 1872ರ ಜನಗಣತಿಯಲ್ಲಿ ಪರದೇಶದವರೂ ಸೇರಿ ಉಳಿದವರು 57,000ಕ್ಕೂ ಕಡಮೆ. 1820ರಿಂದ ಬಂದ ಅಮೆರಿಕದ ಪಾದ್ರಿಗಳು ಅಕ್ಷರವಿದ್ಯೆಯನ್ನು ಕೊಟ್ಟರು, ಮುದ್ರಣಾಲಯವನ್ನು ತಂದರು. ಜೊತೆಗೇ ಹುಲಾ ಎಂಬ ನೃತ್ಯವನ್ನು ಅಸಭ್ಯವೆಂದು ಹಳಿದರು. ಹುಲಾ ಬರಿಯ ಕುಣಿತವಲ್ಲ. ದೇವತೆಗಳ ಸ್ತುತಿ, ಅರಸರ ವಂಶಾವಳಿ, ಊರು ಕಾಡುಗಳ ಪುರಾಣ ಎಲ್ಲವೂ ಅದರ ಹಾಡಿನಲ್ಲಿ, ಕೈಸನ್ನೆಯಲ್ಲಿ ಇದ್ದವು. ಅದನ್ನು ತಡೆದವರು ಒಂದು ಜನಾಂಗದ ನೆನಪನ್ನೇ ತಡೆದರು. ಆ ಪಾದ್ರಿಗಳ ಮಕ್ಕಳಲ್ಲಿ ಹಲವರು ಮುಂದೆ ಕಬ್ಬಿನ ತೋಟಗಳ ಒಡೆಯರಾದರು.

ಕಲಾಕಾವ ಓದಿದ್ದೂ ಪಾದ್ರಿಗಳು ನಡೆಸುತ್ತಿದ್ದ, ಮುಖಂಡರ ಮಕ್ಕಳಿಗಾಗಿಯೇ ಇದ್ದ ಶಾಲೆಯಲ್ಲಿ. ಇಂಗ್ಲಿಷ್ ಅವನಿಗೆ ಮಾತೃಭಾಷೆಯಷ್ಟೇ ಸಲೀಸು. ನ್ಯಾಯಶಾಸ್ತ್ರ ಕಲಿತನು, ಅಂಚೆ ಇಲಾಖೆಯ ಮುಖ್ಯಾಧಿಕಾರಿಯಾದನು. 1861ರಲ್ಲಿ ಹವಾಯಿಯವರೇ ನಡೆಸಿದ ಹವಾಯಿ ನುಡಿಯ ಪತ್ರಿಕೆಯೊಂದರ ಸಂಪಾದಕನೂ ಆದನು. ನಾಡಿನ ಹಳೆಯ ಕಥೆಗಳು ಅದರಲ್ಲಿ ಅಚ್ಚಾದವು. ಪತ್ರಿಕೆಯಿಂದ ಸಿಂಹಾಸನಕ್ಕೆ ಹೋದವರು ಚರಿತ್ರೆಯಲ್ಲಿ ಹೆಚ್ಚು ಮಂದಿಯಿರಲಾರರು. ಕಮೇಹಮೇಹ ವಂಶದ ಅರಸನು ಉತ್ತರಾಧಿಕಾರಿಯನ್ನು ಹೆಸರಿಸದೆ 1872ರಲ್ಲಿ ತೀರಿಕೊಂಡನು. ಅವನ ತರುವಾಯ ಆರಿಸಿಬಂದ ಲುನಾಲಿಲೋ ವರ್ಷವೊಂದರ ಮೇಲೆ ಸ್ವಲ್ಪ ದಿನ ಆಳಿ ಮಡಿದನು. 1874ರ ಫೆಬ್ರವರಿ 12ರಂದು ಶಾಸನಸಭೆ 39 ಮತಗಳಿಂದ ಕಲಾಕಾವನನ್ನು ಆರಿಸಿತು. ಎದುರಾಳಿ ರಾಣಿ ಎಮ್ಮಾಳಿಗೆ ಬಂದದ್ದು 6 ಮತ. ಆದರೆ ಬೀದಿಯ ಜನದಲ್ಲಿ ಬಹುಮಂದಿ ಎಮ್ಮಾಳ ಕಡೆಗಿದ್ದರು. ದೊಂಬಿಯೆದ್ದಿತು. ಅದನ್ನು ಅಡಗಿಸಲು ಬಂದರಿನಲ್ಲಿದ್ದ ಅಮೆರಿಕದ ಮತ್ತು ಬ್ರಿಟನ್ನಿನ ನೌಕೆಗಳಿಂದ ಸಿಪಾಯಿಗಳನ್ನು ಇಳಿಸಬೇಕಾಯಿತು. ಪರರ ಬಂದೂಕಿನ ಕಾವಲಿನಲ್ಲಿ ಆರಂಭವಾದ ಆಳಿಕೆಯೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ವರ್ಷದ ನವೆಂಬರಿನಲ್ಲೇ ಅವನು ಅಮೆರಿಕಕ್ಕೆ ಹೊರಟನು. ಕಾರಣ ಸಕ್ಕರೆ. ಹವಾಯಿಯ ಸಕ್ಕರೆಗೆ ಹತ್ತಿರದ ಪೇಟೆಯೆಂದರೆ ಕ್ಯಾಲಿಫೋರ್ನಿಯ. ಅಲ್ಲಿ ಆಮದು ಸುಂಕ ಹೆಚ್ಚು. ಸುಂಕವನ್ನು ತೆಗೆಸಲು ಹಿಂದಿನ ಅರಸರು ಮಾಡಿದ ಯತ್ನಗಳು ಫಲಿಸಿರಲಿಲ್ಲ. ಪರ್ಲ್ ಬಂದರನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟು ಸುಂಕ ತಪ್ಪಿಸಿಕೊಳ್ಳುವ ಸೂಚನೆ 1873ರಲ್ಲಿ ಬಂದಾಗ ಜನ ಸಿಡಿದೆದ್ದು ಅದನ್ನು ಹಿಂದಕ್ಕೆ ತೆಗೆಸಿದ್ದರು. ಈಗ ದೊರೆಯೇ ಹೋಗಿ ಕೇಳಿದರೆ? ಅಮೆರಿಕ ಕಳುಹಿಸಿದ ಯುದ್ಧನೌಕೆಯಲ್ಲಿ ಸಾನ್ ಫ್ರಾನ್ಸಿಸ್ಕೋ ತಲಪಿ, ಅಲ್ಲಿಂದ ಖಂಡದ ಉದ್ದಕ್ಕೂ ರೈಲಿನಲ್ಲಿ ಸಾಗಿ ಡಿಸೆಂಬರಿನಲ್ಲಿ ವಾಷಿಂಗ್‌ಟನ್ ಸೇರಿದನು. ಆಳುತ್ತಿರುವ ದೊರೆಯೊಬ್ಬನು ಅಮೆರಿಕಕ್ಕೆ ಬಂದದ್ದು ಅದೇ ಮೊದಲು. ಅರಸರನ್ನು ಒಲ್ಲೆನೆಂದು ಹುಟ್ಟಿದ ಆ ಗಣರಾಜ್ಯ ಈ ಅರಸನನ್ನು ನೋಡಲು ಮುಗಿಬಿತ್ತು. ಅಧ್ಯಕ್ಷ ಗ್ರಾಂಟ್ ಡಿಸೆಂಬರ್ 22ರಂದು ಶ್ವೇತಭವನದಲ್ಲಿ ಔತಣವಿತ್ತನು. ಪರದೇಶದ ರಾಜ್ಯಾಧಿಪತಿಗೆ ಅಲ್ಲಿ ನಡೆದ ಮೊದಲ ರಾಜೋಪಚಾರವೆಂದು ಅದಕ್ಕೆ ಹೆಸರು. ಕಾಂಗ್ರೆಸ್ಸಿನ ಎರಡು ಸಭೆಗಳೂ ಒಟ್ಟುಗೂಡಿ ಅವನನ್ನು ಸ್ವಾಗತಿಸಿದವು. ಪಾಪ, ಆ ಚಳಿಗೆ ದೊರೆಯ ಗಂಟಲು ಕಟ್ಟಿತ್ತು. ಅವನ ಭಾಷಣವನ್ನು ಜೊತೆಯವರು ಓದಿದರು.

ಅವನ ಎತ್ತರವಾದ ನಿಲುವು, ಶುದ್ಧವಾದ ಇಂಗ್ಲಿಷ್, ಹದವಾದ ನಡೆನುಡಿಗಳು ದ್ವೀಪವಾಸಿಗಳೆಂದರೆ ಕಾಡುಜನರೆಂದು ಎಣಿಸಿದ್ದವರ ಕಣ್ಣು ತೆರೆಸಿದವು. ಯಾವ ರಾಯಭಾರಿಯೂ ಮಾಡಲಾಗದ ಕೆಲಸವನ್ನು ಅವನ ಇರವೇ ಮಾಡಿತು. 1875ರ ಜನವರಿಯಲ್ಲಿ ಒಡಂಬಡಿಕೆಗೆ ಸಹಿ ಬಿತ್ತು. ಲೂಸಿಯಾನದ ಕಬ್ಬಿನ ಬೆಳೆಗಾರರ ವಿರೋಧವನ್ನು ದಾಟಿ 1876ರಲ್ಲಿ ಅದು ಜಾರಿಗೆ ಬಂದಿತು. ಹವಾಯಿಯ ಸಕ್ಕರೆ, ಅಕ್ಕಿಗಳಿಗೆ ಅಮೆರಿಕದಲ್ಲಿ ಸುಂಕವಿಲ್ಲ. ಅದಕ್ಕೆ ಪ್ರತಿಯಾಗಿ ಅಮೆರಿಕದ ಸರಕುಗಳಿಗೆ ಹವಾಯಿಯಲ್ಲಿ ಸುಂಕವಿಲ್ಲ. ಮೇಲಾಗಿ, ತನ್ನ ಯಾವ ಬಂದರನ್ನೂ ಹವಾಯಿ ಬೇರೆ ರಾಷ್ಟ್ರಕ್ಕೆ ಗುತ್ತಿಗೆ ಕೊಡಕೂಡದು. ಈ ಕಡೆಯ ಕರಾರು ಓದಲು ಎಷ್ಟು ಚಿಕ್ಕದು! 1875ರಲ್ಲಿ ಸುಮಾರು 2.5 ಕೋಟಿ ಪೌಂಡುಗಳಷ್ಟಿದ್ದ ಸಕ್ಕರೆಯ ರಫ್ತು 1890ರ ವೇಳೆಗೆ 25 ಕೋಟಿಯನ್ನು ದಾಟಿತು. ಆದರೆ ಹೊಲ ಯಾರದು? ಗಾಣ ಯಾರದು? ಬಹುಮಟ್ಟಿಗೆ ಬಿಳಿಯ ತೋಟಗಾರರದು. ದೊರೆ ತಂದ ಐಶ್ವರ್ಯ ದೊರೆಗಿಂತ ಬಲಿಷ್ಠರಾದ ಪ್ರಜೆಗಳನ್ನು ಬೆಳೆಸಿತು.

ಎರಡನೆಯ ಯಾತ್ರೆ ಇನ್ನೂ ಸ್ವಾರಸ್ಯವಾದದ್ದು. 1881ರ ಜನವರಿ 20ರಂದು, ತಂಗಿ ಲಿಲಿಯೊಕಲಾನಿಗೆ ರಾಜ್ಯಭಾರವನ್ನು ಒಪ್ಪಿಸಿ, ಇಬ್ಬರು ಅಧಿಕಾರಿಗಳನ್ನೂ ಒಬ್ಬ ಪರಿಚಾರಕನನ್ನೂ ಕರೆದುಕೊಂಡು ಭೂಪ್ರದಕ್ಷಿಣೆಗೆ ಹೊರಟನು. ಹಾಗೆ ಪ್ರಪಂಚವನ್ನು ಸುತ್ತಿದ ಮೊದಲ ದೊರೆ ಅವನೇ. ತೋಟಗಳಿಗೆ ಆಳು ಬೇಕಾಗಿತ್ತು. ಅಷ್ಟೇ ಅಲ್ಲ, ಬತ್ತಿಹೋಗುತ್ತಿದ್ದ ನಾಡಿಗೆ ಮತ್ತೆ ಜನ ಬೇಕಾಗಿತ್ತು. ಜನಾಂಗವನ್ನು ವೃದ್ಧಿಗೊಳಿಸುವುದೇ ಅವನು ಆರಿಸಿಕೊಂಡ ಧ್ಯೇಯವಾಕ್ಯ.

ಮಾರ್ಚಿಯಲ್ಲಿ ಹಡಗು ಯೊಕೊಹಾಮಾ ಬಂದರನ್ನು ಹೊಕ್ಕಾಗ ಅಲ್ಲಿದ್ದ ಯುದ್ಧನೌಕೆಗಳೆಲ್ಲ ತೋಪು ಹಾರಿಸಿದವು. ದಡದಲ್ಲಿ ಜಪಾನಿನ ವಾದ್ಯಮೇಳ ಹವಾಯಿಯ ರಾಷ್ಟ್ರಗೀತೆಯನ್ನು ನುಡಿಸಿತು. ಆ ಗೀತೆಯನ್ನು ರಚಿಸಿದವನು ಕಲಾಕಾವನೇ. ಮನೆಯಿಂದ ಇಷ್ಟು ದೂರದಲ್ಲಿ ತನ್ನ ಹಾಡನ್ನು ಕೇಳಿ ದೊರೆಯ ಕಣ್ಣಲ್ಲಿ ನೀರಾಡಿತು. ಟೋಕಿಯೋದಲ್ಲಿ ಅವನು ತನ್ನ ಅಮೆರಿಕನ್ ಸಂಗಡಿಗರಿಗೆ ತಿಳಿಸದೆಯೇ ಚಕ್ರವರ್ತಿ ಮೇಜಿಯನ್ನು ಏಕಾಂತದಲ್ಲಿ ಕಂಡನು. ಐದು ವರ್ಷದ ತನ್ನ ಸೋದರಸೊಸೆ ಕೈಯುಲಾನಿಗೂ ಜಪಾನಿನ ಒಬ್ಬ ರಾಜಕುಮಾರನಿಗೂ ಸಂಬಂಧ ಬೆಳೆಸೋಣವೆಂದನು. ಏಷ್ಯದ ಅರಸರೆಲ್ಲ ಒಂದು ಒಕ್ಕೂಟವಾಗಲಿ, ಮೇಜಿಯೇ ಅದಕ್ಕೆ ಮುಂದಾಳಾಗಲಿ ಎಂದನು. ಪಾಶ್ಚಾತ್ಯರು ಜಪಾನಿನ ಮೇಲೆ ಹೇರಿದ್ದ ಅಸಮ ಸಂಧಿಗಳ ವಿಶೇಷ ಹಕ್ಕುಗಳನ್ನು ಹವಾಯಿ ಬಿಟ್ಟುಕೊಡಲು ಸಿದ್ಧವೆಂದೂ ತಿಳಿಸಲಾಯಿತು. ಮದುವೆಯನ್ನೂ ಒಕ್ಕೂಟವನ್ನೂ ಮೇಜಿ ಮೃದುವಾಗಿ ನಿರಾಕರಿಸಿದನು. ಆದರೆ ಜನ ಬಂದರು: 1885ರಲ್ಲಿ ಸರಕಾರದ ಕರಾರಿನ ಮೇಲೆ ಜಪಾನಿನ ಕೂಲಿಗಾರರ ಮೊದಲ ತಂಡ ಹೊನೊಲುಲುವಿನಲ್ಲಿ ಇಳಿಯಿತು. ಏಷ್ಯದ ಒಕ್ಕೂಟದ ಮಾತನ್ನು ಹುಚ್ಚುಕನಸೆಂದು ಆ ಕಾಲದವರು ನಕ್ಕರು. ನನಗೆ ನಗು ಬರುವುದಿಲ್ಲ. ಮುಳುಗುತ್ತಿರುವವನು ಎಲ್ಲರಿಗಿಂತ ಮೊದಲು ದಡವನ್ನು ಅರಸುತ್ತಾನೆ.

ಚೀನದಲ್ಲಿ ಲಿ ಹುಂಗ್ ಚಾಂಗ್, ಸಯಾಮಿನಲ್ಲಿ ದೊರೆ ಚುಲಾಲಂಕರ್ಣ, ಜೊಹೋರಿನಲ್ಲಿ ಮಹಾರಾಜ ಅಬೂಬಕರ್ ಇವರನ್ನು ಕಂಡು, ರಂಗೂನನ್ನು ಹಾದು, ಮೇ ತಿಂಗಳ ಕಡೆಯಲ್ಲಿ ಕಲ್ಕತ್ತೆಗೆ ಬಂದನು. ಅಲ್ಲಿಂದ ಬೇಸಗೆಯ ಉರಿಯಲ್ಲಿ ರೈಲಿನಲ್ಲಿ ನಮ್ಮ ದೇಶವನ್ನು ಅಡ್ಡಹಾಯ್ದು ಮುಂಬಯಿ ಸೇರಿದನು. ಎರಡು ವರ್ಷ ಮುಂಚೆ, 1879ರಲ್ಲಿ, ಭಾರತದ ಕೂಲಿಗಳನ್ನು ಹೊತ್ತ ಮೊದಲ ಹಡಗು ಫಿಜಿಯ ಕಬ್ಬಿನ ತೋಟಗಳಿಗೆ ಹೋಗಿತ್ತು. ಹವಾಯಿಗೂ ಅಂತಹ ಹಡಗು ಹೋಗಬಹುದಿತ್ತು. ಬ್ರಿಟಿಷ್ ಸರಕಾರದೊಡನೆ ಒಪ್ಪಂದ ಕೂಡಿಬರಲಿಲ್ಲ. ಆಮೇಲೆ ಈಜಿಪ್ಟ್, ರೋಮ್, ಲಂಡನ್, ವಿಯೆನ್ನ, ಪ್ಯಾರಿಸ್, ಲಿಸ್ಬನ್. ವಿಕ್ಟೋರಿಯ ರಾಣಿ, ಪೋಪ್ ಹದಿಮೂರನೆಯ ಲಿಯೋ ಎಲ್ಲರೂ ಅವನನ್ನು ಸರಿಸಮನಾಗಿಯೇ ಬರಮಾಡಿಕೊಂಡರು. ಹಿಂದಿರುಗುವಾಗ ನ್ಯೂಯಾರ್ಕಿನಲ್ಲಿ ಎಡಿಸನ್ನನನ್ನು ಕಂಡು ವಿದ್ಯುದ್ದೀಪದ ವಿಷಯ ವಿಚಾರಿಸಿದನು.

ಈ ಯಾತ್ರೆಯ ವಿವರಗಳಲ್ಲಿ ಹೆಚ್ಚಿನವು ನಮಗೆ ದೊರೆತಿರುವುದು ಜೊತೆಗೆ ಹೋದ ಮಂತ್ರಿ ಆರ್ಮ್‌ಸ್ಟ್ರಾಂಗನ ಪುಸ್ತಕದಿಂದ. ಅದು ಹೊರಬಂದದ್ದು 1904ರಲ್ಲಿ. ದೊರೆ ಸತ್ತಿದ್ದನು, ರಾಜ್ಯವೂ ಅಳಿದಿತ್ತು. ಯಜಮಾನನ ಅನ್ನ ಉಂಡು, ಅವನಿಲ್ಲದ ಮೇಲೆ ಗೇಲಿಮಾಡಿ ಬರೆದ ಪುಸ್ತಕವದು. ಅದನ್ನು ಎಚ್ಚರದಿಂದ ಓದಬೇಕು.

ಊರಿಗೆ ಮರಳಿದ ದೊರೆ ತಾನು ಕಂಡದ್ದನ್ನು ನೆಲಕ್ಕಿಳಿಸತೊಡಗಿದನು. 1882ರಲ್ಲಿ ಇಯೊಲಾನಿ ಅರಮನೆ ಮುಗಿಯಿತು. ಶ್ವೇತಭವನಕ್ಕಿಂತ ಮುಂಚೆಯೇ ಅಲ್ಲಿ ವಿದ್ಯುದ್ದೀಪ ಬೆಳಗಿತು. 1883ರ ಪಟ್ಟಾಭಿಷೇಕದಲ್ಲಿ ದಶಕಗಳಿಂದ ಮೂಲೆಗೆ ಸೇರಿದ್ದ ಹುಲಾ ಅರಮನೆಯಂಗಳಕ್ಕೆ ಬಂದಿತು. ಮುದಿ ಗುರುಗಳು ಹಳ್ಳಿಗಳಿಂದ ಶಿಷ್ಯರನ್ನು ಕರೆತಂದರು. ಹಾಡುಗಳ ಪಟ್ಟಿಯನ್ನು ಅಚ್ಚುಹಾಕಿದವರ ಮೇಲೆ ವಿರೋಧಿಗಳು ಅಶ್ಲೀಲತೆಯ ಮೊಕದ್ದಮೆ ಹೂಡಿದರೆಂದರೆ ಅವರ ಕೋಪವನ್ನು ಊಹಿಸಬಹುದು. ಹವಾಯಿಯ ಪುರಾಣಕಥೆಗಳ ಅವನ ಇಂಗ್ಲಿಷ್ ಗ್ರಂಥ 1888ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾಯಿತು. ಮರುವರ್ಷ, ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ಕುಮುಲಿಪೊ ಎಂಬ ಸೃಷ್ಟಿಗೀತೆ ಅಚ್ಚಾಯಿತು. ತಲೆಮಾರುಗಳಿಂದ ಕಂಠಸ್ಥವಾಗಿ ಅವನ ಮನೆತನದಲ್ಲಿ ಉಳಿದುಬಂದಿದ್ದ ಹಾಡು ಅದು. ನನ್ನ ಮಟ್ಟಿಗೆ ಅವನ ಆಳಿಕೆಯ ಅತ್ಯಂತ ದೊಡ್ಡ ಕಾರ್ಯ ಇದೇ, ಅರಮನೆಯಲ್ಲ.

ತಪ್ಪುಗಳಿರಲಿಲ್ಲವೆಂದಲ್ಲ. ದುಂದುಗಾರಿಕೆಯಿತ್ತು, ಕುಡಿತವಿತ್ತು. ಕ್ಯಾಲಿಫೋರ್ನಿಯದ ಸಕ್ಕರೆಯ ಸಾಹುಕಾರ ಸ್ಪ್ರೆಕೆಲ್ಸನ ಸಾಲ ಬೆಳೆಯಿತು. ಅಫೀಮಿನ ಪರವಾನಗಿಯ ಲಂಚದ ಹಗರಣವಂತೂ ಅವನ ಹೆಸರಿಗೆ ಮಸಿ ಬಳಿಯಿತು. ವಿರೋಧಿಗಳಿಗೆ ಇಷ್ಟು ಸಾಕಾಯಿತು. 1887ರ ಜುಲೈಯಲ್ಲಿ, ಬಿಳಿಯರ ಸಶಸ್ತ್ರ ದಳವನ್ನು ಬೆನ್ನಿಗಿಟ್ಟುಕೊಂಡು, ಅವನ ಮುಂದೆ ಹೊಸ ರಾಜ್ಯಾಂಗವನ್ನು ಹಿಡಿದರು. ಬಯೊನೆಟ್ ರಾಜ್ಯಾಂಗವೆಂದೇ ಅದಕ್ಕೆ ಹೆಸರಾಯಿತು. ಅರಸನ ಅಧಿಕಾರ ಹೋಯಿತು. ಆಸ್ತಿಯ ಕಟ್ಟಳೆಯಿಂದ ಅನೇಕ ಹವಾಯಿಯವರ ಮತವೂ, ಏಷ್ಯದವರೆಲ್ಲರ ಮತವೂ ಹೋದವು. ಅದೇ ವರ್ಷ ಸಕ್ಕರೆಯ ಒಡಂಬಡಿಕೆಯನ್ನು ನವೀಕರಿಸುವಾಗ ಪರ್ಲ್ ಬಂದರಿನ ವಿಶೇಷ ಹಕ್ಕು ಅಮೆರಿಕಕ್ಕೆ ದಕ್ಕಿತು. ಹದಿನಾಲ್ಕು ವರ್ಷ ಹಿಂದೆ ಜನ ಬೇಡವೆಂದದ್ದು ಈಗ ಸಹಿಯಾಯಿತು. ಅಷ್ಟು ತೆತ್ತರೂ ಸಕ್ಕರೆಯ ಲಾಭ ನಿಲ್ಲಲಿಲ್ಲ. 1890ರಲ್ಲಿ ಅಮೆರಿಕ ಎಲ್ಲ ದೇಶಗಳ ಕಚ್ಚಾ ಸಕ್ಕರೆಯ ಮೇಲಿನ ಸುಂಕವನ್ನೂ ತೆಗೆದು, ತನ್ನ ಬೆಳೆಗಾರರಿಗೆ ಸಹಾಯಧನ ಗೊತ್ತುಮಾಡಿತು. ಹವಾಯಿಗಿದ್ದ ಒಂದು ಅನುಕೂಲವೂ ಹಾರಿಹೋಯಿತು.

ಆ ನವೆಂಬರಿನಲ್ಲಿ ಕುಗ್ಗಿದ ದೇಹದೊಡನೆ ದೊರೆ ಮತ್ತೆ ಕ್ಯಾಲಿಫೋರ್ನಿಯಕ್ಕೆ ಹೊರಟನು. ಸಾನ್ ಫ್ರಾನ್ಸಿಸ್ಕೋದ ಹೋಟೆಲಿನಲ್ಲಿ ಹಾಸಿಗೆ ಹಿಡಿದಿದ್ದಾಗ, ಎಡಿಸನ್ನನ ಧ್ವನಿಮುದ್ರಣ ಯಂತ್ರವನ್ನು ತಂದು, ಹವಾಯಿಯ ನುಡಿಯಲ್ಲಿ ಅವನಾಡಿದ ನಾಲ್ಕು ಮಾತುಗಳನ್ನು ಮೇಣದ ಉರುಳೆಯ ಮೇಲೆ ಹಿಡಿದರು. ಕೆಲವು ದಿನಗಳ ಮೇಲೆ, 1891ರ ಜನವರಿ 20ರಂದು, ಅವನು ತೀರಿಕೊಂಡನು. ಭೂಪ್ರದಕ್ಷಿಣೆಗೆ ಹೊರಟು ಸರಿಯಾಗಿ ಹತ್ತು ವರ್ಷವಾಗಿತ್ತು. ಆಗ ಹವಾಯಿಗೆ ಸಮುದ್ರದಡಿಯ ತಂತಿಯಿರಲಿಲ್ಲ. ದೊರೆ ಗುಣವಾಗಿ ಬರುತ್ತಾನೆಂದು ಹೊನೊಲುಲುವಿನ ಜನ ಬೀದಿಬೀದಿಗೆ ತೋರಣ ಕಟ್ಟಿ ಕಾದಿದ್ದರು. ಜನವರಿ 29ರಂದು ಅಮೆರಿಕದ ಯುದ್ಧನೌಕೆ ದಿಗಂತದಲ್ಲಿ ಕಾಣಿಸಿತು. ಅದರ ಬಾವುಟಗಳು ಅರ್ಧಕ್ಕೆ ಇಳಿದಿದ್ದವು. ಮಧ್ಯಾಹ್ನದೊಳಗೆ ಜನ ತೋರಣಗಳನ್ನು ಬಿಚ್ಚಿ, ಅದೇ ಕಂಬಗಳಿಗೆ ಕಪ್ಪು ಬಟ್ಟೆ ಸುತ್ತುತ್ತಿದ್ದರು.