ಪತ್ರಿಕೆಯಿಂದ ಪಾರ್ಲಿಮೆಂಟಿಗೆ: ದಿನಕರ ದೇಸಾಯಿ

ಟಿ.ವಿ.ಯಲ್ಲಿ ಸುದ್ದಿ ಹೇಳುವವರು ಚುನಾವಣೆಗೆ ನಿಲ್ಲುವುದನ್ನು ಈಗ ನೋಡುತ್ತೇವೆ. ನಮ್ಮ ಕಡೆಯ ಮನೆಗಳಿಗೆ ಟಿ.ವಿ. ಬರುವುದಕ್ಕಿಂತ ಎಷ್ಟೋ ಮೊದಲು, ವಾರಪತ್ರಿಕೆಯ ಸಂಪಾದಕರೊಬ್ಬರನ್ನು ನಮ್ಮ ಜಿಲ್ಲೆಯ ಮತದಾರರು ಲೋಕಸಭೆಗೆ ಕಳಿಸಿದ್ದರು. ಅವರೇ ದಿನಕರ ದೇಸಾಯಿ. ಚುಟುಕು ಬ್ರಹ್ಮ ಎಂದು ಅವರು ಎಲ್ಲರಿಗೂ ಗೊತ್ತು. ಪ್ರೌಢಶಾಲೆಯ ಸುವರ್ಣ ಮಹೋತ್ಸವದಲ್ಲಿ ಅವರನ್ನು ನೆನೆಯಲು ಇನ್ನೂ ಒಂದು ಕಾರಣವಿದೆ.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು, ಅಂಕೋಲಾ ತಾಲೂಕಿನ ಅಲಗೇರಿಯಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿಯಲ್ಲಿ ಎಂ.ಎ. ಮತ್ತು ಕಾನೂನು ಓದಿದ ಅವರಿಗೆ ವಕೀಲಿಕೆ ಮಾಡಿ ಹಣ ಗಳಿಸಲು ಅಡ್ಡಿಯಿರಲಿಲ್ಲ. ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜವನ್ನು. ಅಲ್ಲಿನ ಸದಸ್ಯರದು ಅಲ್ಪ ಸಂಭಾವನೆಯಲ್ಲಿ ಬಾಳಿ, ಆಯುಷ್ಯವನ್ನೆಲ್ಲ ಸಾರ್ವಜನಿಕ ಕೆಲಸಕ್ಕೆ ಕೊಡುವ ವ್ರತ. ಮುಂಬಯಿಯಲ್ಲಿ ದೇಸಾಯಿಯವರು ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು.

ಮುಂಬಯಿಯಲ್ಲಿದ್ದರೂ ಊರಿನ ಒಕ್ಕಲುಗಳ ಕಷ್ಟ ಅವರನ್ನು ಬಿಡಲಿಲ್ಲ. ಬೆಳೆ ಬಂದರೂ ಬಾರದಿದ್ದರೂ ಗೇಣಿ ಅಳೆಯಬೇಕು, ಒಡೆಯರು ಹೇಳಿದರೆ ಜಮೀನು ಬಿಡಬೇಕು. ದೇಸಾಯಿಯವರು ಊರೂರು ತಿರುಗಿ ರೈತರನ್ನು ಒಟ್ಟುಗೂಡಿಸಿದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಜನಸೇವಕ ಎಂಬ ವಾರಪತ್ರಿಕೆ ನಡೆಸಿದರು. ರೈತನ ದೂರು, ಅಧಿಕಾರಿಯ ಉದಾಸೀನ, ಮುಖಂಡರ ಬೂಟಾಟಿಕೆ ಯಾವುದನ್ನೂ ಅವರ ಲೇಖನಿ ಬಿಡಲಿಲ್ಲ. ದೊಡ್ಡ ಲೇಖನ ಓದಲು ಪುರುಸೊತ್ತಿಲ್ಲದವರಿಗೆ ನಾಲ್ಕು ಸಾಲಿನ ಚುಟುಕು ಇತ್ತು. ಅಕ್ಷರ ಬಾರದವರೂ ಅದನ್ನು ಕೇಳಿ ಬಾಯಿಪಾಠ ಮಾಡಿ ಇನ್ನೊಬ್ಬರಿಗೆ ಹೇಳಬಹುದಿತ್ತು. ಆ ಕಾಲದ ಬಾನುಲಿ ಅದೇ ಎಂದರೂ ತಪ್ಪಾಗದು.

1952ರಿಂದ ಮೂರು ಚುನಾವಣೆಗಳಲ್ಲಿ ಇಲ್ಲಿ ಕಾಂಗ್ರೆಸ್ಸೇ ಗೆದ್ದಿತ್ತು. 1967ರಲ್ಲಿ ದೇಸಾಯಿಯವರು ಪಕ್ಷೇತರರಾಗಿ ನಿಂತು ಗೆದ್ದರು. ಹಿಂದೆ ಗಡಿಪಾರಾಗಿದ್ದವರು ಅದೇ ಜಿಲ್ಲೆಯ ಪ್ರತಿನಿಧಿಯಾಗಿ ದೆಹಲಿಗೆ ಹೋದರು. ಆ ಲೋಕಸಭೆ 1970ರ ಕೊನೆಗೆ ವಿಸರ್ಜನೆಯಾಯಿತು. ಅವರು ಸಂಸದರಾಗಿದ್ದುದು ನಾಲ್ಕು ವರ್ಷಕ್ಕೂ ಕಡಿಮೆ.

ಹೆಚ್ಚು ಕಾಲ ಉಳಿದ ಕೆಲಸ ಬೇರೆ. ಏಳನೇ ಇಯತ್ತೆ ಮುಗಿದ ಮೇಲೆ ಹೈಸ್ಕೂಲು ದೂರವೆಂದು ಓದು ಬಿಡುವ ಮಕ್ಕಳು ಆಗ ಊರೂರಲ್ಲೂ ಇದ್ದರು. ಹೆಣ್ಣುಮಕ್ಕಳ ಓದಂತೂ ಮೊದಲು ನಿಲ್ಲುತ್ತಿತ್ತು. 1953ರಲ್ಲಿ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನು ತೆರೆದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಕೂಡ ಅದೇ ಟ್ರಸ್ಟಿನದು. ಭೂಮಿಯ ಹಕ್ಕು ಸಿಕ್ಕಿದ ರೈತನ ಮಗನಿಗೆ ಆ ಹಕ್ಕಿನ ಕಾಗದ ಓದಲು ಬರಬೇಕಲ್ಲ? 1982ರ ನವೆಂಬರ್ 6ರಂದು ದೇಸಾಯಿಯವರು ತೀರಿಕೊಂಡರು. ಅವರ ಶಾಲೆಗಳು ನಡೆಯುತ್ತಲೇ ಇವೆ.

ನಮ್ಮ ಮನ್ಮನೆಯ ಶಾಲೆ ಸರ್ಕಾರದ್ದು, ಆ ಟ್ರಸ್ಟಿನದಲ್ಲ. ಆದರೆ ಮನೆಯ ಹತ್ತಿರವೇ ಹೈಸ್ಕೂಲು ಇದ್ದರೆ ಎಷ್ಟು ಮಕ್ಕಳ ದಾರಿ ಬದಲಾಗುತ್ತದೆ ಎಂಬುದಕ್ಕೆ ಇಲ್ಲಿ ಕಲಿತು ಇಂಜಿನಿಯರ್ ಆದ ನನ್ನಂಥವರೇ ಸಾಕ್ಷಿ. ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂಬ ಮಾತು ಈಗ ಎಲ್ಲೆಡೆ ಕೇಳುತ್ತಿದೆ. ನಮ್ಮ ಶಾಲೆಗೆ ನೂರು ತುಂಬುವಾಗಲೂ ಬೆಳಿಗ್ಗೆ ಗಂಟೆ ಬಾರಿಸಬೇಕಾದರೆ ಹಳೆಯ ವಿದ್ಯಾರ್ಥಿಗಳೂ ಊರವರೂ ಈಗಲೇ ಕೈಜೋಡಿಸಬೇಕು.