ಕೈಲಾಸಂ ಅವರೂ ಅವರ ಪ್ರೇಕ್ಷಕರೂ

ನಾಟಕಕಾರನ ಯೋಗ್ಯತೆಯನ್ನು ಅಳೆಯುವುದಕ್ಕೆ ಪಂಡಿತರ ವಿಮರ್ಶೆಯು ಒಂದು ಸಾಧನವಾದರೆ, ಸಭೆಯಲ್ಲಿ ಕುಳಿತ ಜನರ ಮುಖವು ಮತ್ತೊಂದು ಸಾಧನವು. ದುಃಖಾಂತ ನಾಟಕವನ್ನು ಕಂಡು ಕಣ್ಣೀರು ಸುರಿಸುವವನು ಪರರ ದುಃಖಕ್ಕಾಗಿ ಅತ್ತು, ಮನಸ್ಸು ಹಗುರಾಗಿ ಮನೆಗೆ ಹೋಗಬಹುದು. ಪ್ರಹಸನವನ್ನು ಕಂಡು ನಗುವವನ ಸ್ಥಿತಿಯು ಹಾಗಲ್ಲ. ತಾನು ಯಾರನ್ನು ನೋಡಿ ನಗುತ್ತಿರುವೆನೆಂಬ ಪ್ರಶ್ನೆಯು ಇಂದಲ್ಲ ನಾಳೆ ಅವನನ್ನು ಹಿಡಿದು ನಿಲ್ಲಿಸದೆ ಇರದು. ಕನ್ನಡ ಜನರಿಗೆ ಈ ಪ್ರಶ್ನೆಯನ್ನು ರಂಗಭೂಮಿಯ ಮೇಲಿನಿಂದ ಮೊದಲು ಬಲವಾಗಿ ಹಾಕಿದವರು ತ್ಯಾಗರಾಜ ಪರಮಶಿವ ಕೈಲಾಸಂ ಅವರು. ಅವರು ೧೯೪೬ನೆಯ ಇಸವಿ ನವೆಂಬರ ೨೩ರಂದು ಬೆಂಗಳೂರಿನಲ್ಲಿ ಕಾಲವಾದರು. ಬಹು ವರ್ಷಗಳು ಸಂದುಹೋದರೂ ಅವರ ಪ್ರಹಸನಗಳಿಗೆ ನಗುವವರು ಕಡಿಮೆಯಾಗಿಲ್ಲ. ಆದರೆ ಮಾನವಿ ತಾಲೂಕಿನ ಕುರ್ಡಿಯಂತಹ ಊರುಗಳಲ್ಲಿರುವ ನಮ್ಮ ವಾಚಕರು, ಬೆಂಗಳೂರಿನ ಈ ಹಾಸ್ಯಗಾರರ ಚರಿತ್ರೆಯಿಂದ ತಮಗೆ ಆಗಬೇಕಾದುದೇನೆಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅದು. ಮೊದಲು ಅವರ ಚರಿತ್ರೆಯನ್ನು ಹೇಳಿ, ಬಳಿಕ ಈ ಪ್ರಶ್ನೆಗೆ ಉತ್ತರ ಕೊಡುವೆವು.

ಕೈಲಾಸಂ ಅವರು ಹುಟ್ಟಿದುದು ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ ನಡುಗಾಲದಲ್ಲಿ. ತಂದೆಯವರಾದ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಮನೆಮಾತು ತಮಿಳು. ಐಶ್ವರ್ಯಕ್ಕೂ ಅಧಿಕಾರಕ್ಕೂ ಕೊರತೆಯಿಲ್ಲದ ಮನೆಯಲ್ಲಿ ಬೆಳೆದ ಈ ಹುಡುಗನು ಮದರಾಸಿನಲ್ಲಿ ಭೂಗರ್ಭಶಾಸ್ತ್ರವನ್ನು ಅಭ್ಯಾಸಮಾಡಿ, ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು, ಅದೇ ಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಲಂಡನ್ ನಗರಕ್ಕೆ ಹೋದನು. ಅಲ್ಲಿ ಕಲ್ಲು ಮಣ್ಣುಗಳ ಪರೀಕ್ಷೆಯನ್ನು ಕಲಿತುದು ಎಷ್ಟೋ, ರಂಗಭೂಮಿಯಲ್ಲಿ ಮನುಷ್ಯಸ್ವಭಾವದ ಪರೀಕ್ಷೆಯನ್ನು ಕಲಿತುದು ಅದಕ್ಕಿಂತಲೂ ಹೆಚ್ಚು. ಬರ್ನಾರ್ಡ್ ಷಾ ಅವರ ನಾಟಕಗಳು ಆ ನಗರದಲ್ಲಿ ಆಡುತ್ತಿದ್ದ ಕಾಲವದು. ರಾಜರಾಣಿಯರಿಲ್ಲದೆ, ದೇವತೆಗಳಿಲ್ಲದೆ, ಒಂದು ಮನೆಯ ನಡುಮನೆಯಲ್ಲಿಯೇ ನಾಟಕವು ನಡೆಯಬಹುದೆಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಸ್ವದೇಶಕ್ಕೆ ಮರಳಿದ ಮೇಲೆ ಮೈಸೂರು ಸರಕಾರದ ಭೂಗರ್ಭ ಇಲಾಖೆಯಲ್ಲಿ ಅಧಿಕಾರಿಯಾದರು. ಆದರೆ ಕಚೇರಿಯ ಶಿಸ್ತಿಗೆ ಆ ಜೀವವು ಒಗ್ಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಉದ್ಯೋಗವನ್ನು ಬಿಟ್ಟು, ಸಂಬಳವಿಲ್ಲದ ನಾಟಕದ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಆ ಕಾಲದ ಕನ್ನಡ ರಂಗಭೂಮಿಯ ಸ್ಥಿತಿಯನ್ನು ನೆನೆಯದೆ ಕೈಲಾಸಂ ಅವರ ಸಾಹಸವು ತಿಳಿಯದು. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ಕಂಪನಿ, ವರದಾಚಾರ್ಯರ ರತ್ನಾವಳಿ ಕಂಪನಿ ಮೊದಲಾದವು ಪೌರಾಣಿಕ ನಾಟಕಗಳನ್ನು ರಾತ್ರಿಯೆಲ್ಲ ಆಡುತ್ತಿದ್ದವು. ಜನರು ಬರುತ್ತಿದ್ದುದು ಹಾಡಿಗೆ, ವೇಷಕ್ಕೆ, ಪರದೆಯ ವೈಭವಕ್ಕೆ. ಹಾಸ್ಯವು ಇರಲಿಲ್ಲವೆಂದಲ್ಲ. ಗುಬ್ಬಿ ವೀರಣ್ಣನವರಂತಹ ಮಹಾ ಹಾಸ್ಯನಟರು ರಂಗಕ್ಕೆ ಬಂದೊಡನೆ ಸಭೆಯು ನಗೆಗಡಲಾಗುತ್ತಿದ್ದಿತು. ಆದರೆ ಆ ಹಾಸ್ಯವು ಮುಖ್ಯ ಕಥೆಯ ಪಕ್ಕದಲ್ಲಿ ನಿಂತು ಬಳಲಿದವರನ್ನು ರಂಜಿಸುವ ಹಾಸ್ಯವು. ನೋಡುವವನಿಗೂ ಅದಕ್ಕೂ ನಡುವೆ ಒಂದು ದೂರವಿದ್ದಿತು. ಕಳ್ಳನು ನಗಿಸಿದರೆ ನಕ್ಕವನು ಕಳ್ಳನಲ್ಲ, ದಡ್ಡ ಸೇವಕನು ನಗಿಸಿದರೆ ನಕ್ಕವನು ಸೇವಕನಲ್ಲ. ಎಲ್ಲರೂ ನಿರ್ಭಯವಾಗಿ ನಗಬಹುದಾಗಿದ್ದಿತು.

ಕೈಲಾಸಂ ಅವರು ಈ ದೂರವನ್ನು ಅಳಿಸಿದರು. ೧೯೧೮ರ ಅವರ ಟೊಳ್ಳುಗಟ್ಟಿಯಲ್ಲಿ ಪರದೆ ಸರಿದೊಡನೆ ಕಾಣುವುದು ಅರಮನೆಯಲ್ಲ, ಸಭಿಕನು ಊಟಮಾಡಿ ಬಂದ ಮನೆಯಂತಹುದೇ ಒಂದು ಮನೆ. ಆ ಮನೆಯಲ್ಲಿ ಇಬ್ಬರು ಮಕ್ಕಳು. ಪುಟ್ಟುವು ಪುಸ್ತಕವನ್ನು ಬಾಯಿಪಾಠಮಾಡಿ ಪರೀಕ್ಷೆಗಳಲ್ಲಿ ತೇರ್ಗಡೆಯಾಗುವವನು. ಮಾಧುವು ಪರೀಕ್ಷೆಯಲ್ಲಿ ಹಿಂದುಳಿದವನು. ತಂದೆಗೆ ಮೊದಲನೆಯವನೇ ಗಟ್ಟಿ, ಎರಡನೆಯವನೇ ಟೊಳ್ಳು. ಆದರೆ ಮನೆಗೆ ಸಂಕಟವು ಬಂದಾಗ ಹೆಗಲು ಕೊಡುವವನು ಯಾರು, ಹಿಂದೆ ಸರಿಯುವವನು ಯಾರು ಎಂಬುದು ಬಯಲಾಗಿ, ತೂಕವೆಲ್ಲ ತಿರುವುಮುರುವಾಗುವುದು. ಹಾಡಿಲ್ಲ, ಕಿರೀಟವಿಲ್ಲ, ರಾತ್ರಿಯೆಲ್ಲ ಕೂಡುವ ಶ್ರಮವೂ ಇಲ್ಲ. ಆದರೂ ಜನರು ಬಂದರು, ನಕ್ಕರು, ಮತ್ತೆ ಬಂದರು.

ಈ ನಗೆಯ ಸ್ವರೂಪವನ್ನು ಕೊಂಚ ವಿಚಾರಿಸೋಣ. ಕೈಲಾಸಂ ಅವರ ಪಾತ್ರಗಳು ಬಾಯಿ ತೆರೆದೊಡನೆ ಸಭೆಯು ನಗುವುದು ಅವರ ಮಾತಿನ ಧಾಟಿಗೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಕನ್ನಡದ ಪ್ರತ್ಯಯಗಳನ್ನು ತೊಟ್ಟ ಇಂಗ್ಲಿಷು ಪದಗಳು. ಇದು ಮೊದಲನೆಯ ನಗೆ. ಎರಡನೆಯದು ಪಾತ್ರದ ಡಂಭಕ್ಕೆ ನಗುವ ನಗೆ. ಬಂಡ್ವಾಳಿಲ್ಲದ ಬಡಾಯಿಯ ವಕೀಲ ಅಹೋಬಲು ತನ್ನ ಪ್ರತಾಪವನ್ನು ಕೊಚ್ಚಿಕೊಳ್ಳುವಾಗ, ಕೇಳುವವರಿಗೆ ತಮ್ಮ ಬೀದಿಯ ಯಾವನೋ ಒಬ್ಬನ ನೆನಪಾಗದೆ ಇರದು. ನೆರೆಯವನನ್ನು ಗುರುತಿಸಿದ ಸಂತೋಷದಲ್ಲಿ ನಗೆಯು ಇಮ್ಮಡಿಸುವುದು. ಮೂರನೆಯ ಘಟ್ಟವು ಇದರಿಂದ ಭಿನ್ನವಾದುದು. ಆ ಬೀದಿಯವನೂ ಇದೇ ಸಭೆಯಲ್ಲಿ ಕುಳಿತು ತನ್ನನ್ನು ನೋಡಿ ಹೀಗೆಯೇ ನಗುತ್ತಿರಬಹುದಲ್ಲವೆ ಎಂಬ ಸಂಶಯವು ಹುಟ್ಟಿದಾಗ ನಗುವವನ ಬಾಯಿ ಮುಚ್ಚುವುದು. ಸಾಮಾನ್ಯ ಹಾಸ್ಯಗಾರನು ಮೊದಲೆರಡು ಘಟ್ಟಗಳಲ್ಲಿಯೇ ತೃಪ್ತನಾಗುವನು. ಕೈಲಾಸಂ ಅವರು ಪ್ರೇಕ್ಷಕನನ್ನು ಮೂರನೆಯದಕ್ಕೆ ಕರೆದೊಯ್ಯುವವರೆಗೆ ಬಿಡುತ್ತಿರಲಿಲ್ಲ. ಪ್ರಹಸನ ಪಿತಾಮಹರೆಂಬ ಬಿರುದು ಅವರಿಗೆ ಸಲ್ಲುವುದು ಜನರನ್ನು ನಗಿಸಿದುದರಿಂದ ಮಾತ್ರವಲ್ಲ, ನಗುತ್ತಿದ್ದವರನ್ನು ಸುಮ್ಮನಾಗಿಸಿದುದರಿಂದ.

ಎಲ್ಲರೂ ಮೆಚ್ಚಿದರೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಅವರ ಭಾಷೆಯು ಕನ್ನಡವೇ ಅಲ್ಲವೆಂದು ಮುನಿದವರಿದ್ದರು. ಕನ್ನಡದ ಪುನರುಜ್ಜೀವನಕ್ಕಾಗಿ ನಾಡೆಲ್ಲ ದುಡಿಯುತ್ತಿದ್ದಾಗ ಒಬ್ಬ ಪ್ರತಿಭಾವಂತನು ಪ್ರತಿ ವಾಕ್ಯದಲ್ಲಿಯೂ ಇಂಗ್ಲಿಷನ್ನು ತುರುಕುವುದು ಉಚಿತವೇ ಎಂಬ ಆಕ್ಷೇಪಣೆಯನ್ನು ನಾವು ಹಗುರಾಗಿ ತಳ್ಳಿಹಾಕಲಾರೆವು. ಆದರೆ ಆ ಮಿಶ್ರಭಾಷೆಯು ಕೈಲಾಸಂ ಅವರ ಸೃಷ್ಟಿಯಲ್ಲ. ಅಂದಿನ ವಿದ್ಯಾವಂತರ ಮನೆಗಳಿಂದ ಅವರು ಆಯ್ದು ತಂದ ಮಾತದು. ಕನ್ನಡಿಯಲ್ಲಿ ಕಂಡ ಮಸಿಗೆ ಕನ್ನಡಿಯನ್ನು ದೂರಿ ಫಲವೇನು? ಪರಭಾಷೆಯ ಹಂಗಿನಲ್ಲಿ ಬಿದ್ದ ಬುದ್ಧಿಯು ಹೇಗೆ ತನ್ನ ಹೆಂಡತಿಯೊಡನೆಯೂ ಮಕ್ಕಳೊಡನೆಯೂ ಸಹಜವಾಗಿ ಮಾತನಾಡುವ ಶಕ್ತಿಯನ್ನು ಕಳೆದುಕೊಳ್ಳುವುದೆಂಬುದನ್ನು, ನೂರು ಭಾಷಣಗಳಿಗಿಂತ ಹೆಚ್ಚಾಗಿ, ಅವರ ಒಂದು ಪ್ರಹಸನವು ಮನಗಾಣಿಸಿತು. ೧೯೧೬ರಲ್ಲಿ ತಿಲಕರೂ ಆ್ಯನಿ ಬೆಸೆಂಟರೂ ಹೋಂರೂಲ್ ಚಳವಳಿಯನ್ನು ಎಬ್ಬಿಸಿದರು. ಅದೇ ಪದವನ್ನು ಕೈಲಾಸಂ ಅವರು ಒಂದು ಪ್ರಹಸನದ ಹೆಸರಾಗಿ ಮನೆಯೊಳಕ್ಕೆ ತಂದರು. ಹೊರಗೆ ಸ್ವರಾಜ್ಯವನ್ನು ಬೇಡುವವನ ಮನೆಯೊಳಗಿನ ರಾಜ್ಯಭಾರವು ಹೇಗಿದೆಯೆಂಬ ಪ್ರಶ್ನೆಯು ಆ ಹೆಸರಿನಲ್ಲಿಯೇ ಅಡಗಿರುವುದು. ದೇಶಭಕ್ತರಾದವರು ಈ ಪ್ರಶ್ನೆಗೆ ಮುನಿಯಲಾಗದು.

ಆಚಾರವಂತರ ಅಸಮಾಧಾನವು ಬೇರೆ ಬಗೆಯದು. ನಂ ಬ್ರಾಹ್ಮಣ್ಕೆ, ಬಹಿಷ್ಕಾರ, ಸೂಳೆ ಎಂಬ ನಾಟಕಗಳ ಹೆಸರುಗಳೇ ಅವರ ದೃಷ್ಟಿಯು ಎತ್ತ ತಿರುಗಿದ್ದಿತೆಂಬುದನ್ನು ಸಾರುವುವು. ತಮ್ಮ ಜಾತಿಯ ಡಂಭವನ್ನು ಅವರು ಪರರ ಜಾತಿಯ ದೋಷವೆಂಬಂತೆ ಆಡಿಕೊಳ್ಳಲಿಲ್ಲ. ತಾವು ಹುಟ್ಟಿದ ಮನೆಯ ಗೋಡೆಯನ್ನೇ ತಟ್ಟಿ ಟೊಳ್ಳೋ ಗಟ್ಟಿಯೋ ಎಂದು ನೋಡಿದರು. ಸಮಾಜವು ಹೊರಗೆ ತಳ್ಳಿದವರ ವಿಷಯದಲ್ಲಿ ಅವರ ಹಾಸ್ಯವು ಕರಗಿ ಕರುಣೆಯಾಗುತ್ತಿದ್ದಿತು. ಇಂಗ್ಲಿಷಿನಲ್ಲಿ ಅವರು ಬರೆದ ಪೌರಾಣಿಕ ನಾಟಕಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅಲ್ಲಿ ಅವರನ್ನು ಎಳೆದವರು ಏಕಲವ್ಯ, ಕರ್ಣ, ಕೀಚಕ. ಗೆದ್ದವರಲ್ಲ, ಅನ್ಯಾಯಕ್ಕೆ ಒಳಗಾದವರು, ಇಲ್ಲವೆ ಲೋಕದ ತಿರಸ್ಕಾರಕ್ಕೆ ಪಾತ್ರರಾದವರು. ಕನ್ನಡದಲ್ಲಿ ನಗಿಸಿದವರೂ ಇಂಗ್ಲಿಷಿನಲ್ಲಿ ಮರುಗಿದವರೂ ಇಬ್ಬರಲ್ಲ, ಒಬ್ಬರೇ.

ಅವರ ನಾಟಕರಚನೆಯ ಕ್ರಮವೇ ಒಂದು ವಿಶೇಷ. ಮೇಜಿನ ಮುಂದೆ ಕುಳಿತು ಬರೆಯುವ ಅಭ್ಯಾಸವು ಅವರಿಗೆ ಇರಲಿಲ್ಲ. ನಾಟಕವೆಲ್ಲ ತಲೆಯಲ್ಲಿಯೇ ಇರುತ್ತಿದ್ದಿತು. ಗೆಳೆಯರು ಸೇರಿದಾಗ ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿ, ದನಿ ಬದಲಿಸಿ, ಮುಖ ಬದಲಿಸಿ ತೋರಿಸುತ್ತಿದ್ದರು. ಇಂಗ್ಲಿಷು ಹಾಡುಗಳ ಮಟ್ಟುಗಳಿಗೆ ಕನ್ನಡದ ಮಾತನ್ನು ಹೊಂದಿಸಿ ಅವರು ಕಟ್ಟಿದ ಕೋಳಿಕೆರಂಗ, ತಿಪ್ಪಾರಳ್ಳಿ ಮೊದಲಾದ ಹಾಡುಗಳೂ ಹೀಗೆಯೇ ಬಾಯಿಂದ ಬಾಯಿಗೆ ಹರಡಿದುವು. ಹೇಳಿದುದನ್ನು ಶಿಷ್ಯರೂ ಮಿತ್ರರೂ ಬರೆದುಕೊಂಡಲ್ಲಿ ನಾಟಕವು ಉಳಿಯಿತು. ಬರೆದುಕೊಳ್ಳದಲ್ಲಿ ಗಾಳಿಗೆ ಹೋಯಿತು. ಹೀಗೆ ಕೇಳಿ ನಕ್ಕವರ ನೆನಪಿನಲ್ಲಿ ಮಾತ್ರ ಬದುಕಿ, ಅವರೊಡನೆಯೇ ಅಳಿದ ಕೃತಿಗಳು ಕೆಲವಲ್ಲ. ಕೈಲಾಸಂ ಅವರ ಅಲಕ್ಷ್ಯವು ಇದಕ್ಕೆ ಒಂದು ಕಾರಣವು ಅಹುದು. ಆದರೆ ಕೇಳಿದವರಲ್ಲಿ ಇನ್ನಷ್ಟು ಜನರು ಲೇಖನಿಯನ್ನು ಹಿಡಿದಿದ್ದರೆ ಕನ್ನಡದ ಭಂಡಾರವು ಇನ್ನಷ್ಟು ತುಂಬಿರುತ್ತಿದ್ದಿತು.

ಇಲ್ಲಿಯೇ ಪ್ರೇಕ್ಷಕರ ಋಣದ ಮಾತು ಬರುವುದು. ನ್ಯಾಯಾಧೀಶರ ಮಗನಾಗಿ, ವಿಲಾಯತಿಯಲ್ಲಿ ಓದಿ ಬಂದ ಅಧಿಕಾರಿಯಾಗಿ ಸುಖವಾಗಿ ಬಾಳಬಹುದಾಗಿದ್ದ ಈ ಮಹನೀಯರು ಕೊನೆಗಾಲದಲ್ಲಿ ಬಡತನವನ್ನೂ ಅನಾರೋಗ್ಯವನ್ನೂ ಅನುಭವಿಸಿದರು. ಯೌವನದಲ್ಲಿ ಫುಟ್‌ಬಾಲ್ ಮೊದಲಾದ ಆಟಗಳಲ್ಲಿ ಪಳಗಿದ್ದ ಮೈಕಟ್ಟು ವ್ಯಸನಗಳಿಂದ ಕುಗ್ಗಿತು. ಸಂಸಾರದ ನೆಮ್ಮದಿಯೂ ದೊರೆಯಲಿಲ್ಲ. ಅವರ ದೋಷಗಳನ್ನು ಮುಚ್ಚಿಡಬೇಕೆಂದು ನಾವು ಹೇಳೆವು. ಪರರ ಬೂಟಾಟಿಕೆಯನ್ನು ಬಯಲಿಗೆಳೆದವರು ತಮ್ಮ ವಿಷಯದಲ್ಲಿಯೂ ಅದನ್ನು ಬಯಸುತ್ತಿರಲಿಲ್ಲ. ಆದರೆ ಸಭೆ ಮುಗಿದ ಮೇಲೆ ಆ ಮನುಷ್ಯನು ಎಲ್ಲಿ ಮಲಗಿದನು, ಏನು ಉಂಡನು ಎಂದು ಕೇಳಿದ ಪ್ರೇಕ್ಷಕರು ಎಷ್ಟು ಮಂದಿ? ಕೆಲವು ಮಿತ್ರರು ಕೊನೆಯವರೆಗೆ ಕೈಬಿಡಲಿಲ್ಲ. ನಾಡು ಒಟ್ಟಾಗಿ ಗೌರವಿಸಿದುದು ೧೯೪೫ರಲ್ಲಿ, ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಕೊಟ್ಟು. ಮನೆಮಾತು ತಮಿಳಾಗಿದ್ದವರು ತಮಿಳುನಾಡಿನ ರಾಜಧಾನಿಯಲ್ಲಿ ಕನ್ನಡಿಗರ ಸಭೆಗೆ ಅಧ್ಯಕ್ಷರಾದುದು, ಭಾಷೆಯ ಅಭಿಮಾನವು ಹುಟ್ಟಿನಿಂದಲ್ಲ ಸೇವೆಯಿಂದ ಬರತಕ್ಕುದೆಂಬುದಕ್ಕೆ ಉತ್ತಮ ನಿದರ್ಶನವು. ಮರುವರ್ಷವೇ ಅವರು ಇಲ್ಲವಾದರು.

ಈಗ ಕುರ್ಡಿಯ ವಾಚಕರ ಪ್ರಶ್ನೆಗೆ ಬರುವೆವು. ಟೊಳ್ಳುಗಟ್ಟಿಯು ಹುಟ್ಟಿದ ೧೯೧೮ರಲ್ಲಿಯೇ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮವಾಗಿ ಸ್ಥಾಪಿತವಾಯಿತು. ಬೆಂಗಳೂರಿನ ಪುಟ್ಟುವು ಇಂಗ್ಲಿಷನ್ನು ಬಾಯಿಪಾಠಮಾಡುತ್ತಿದ್ದ ಕಾಲದಲ್ಲಿ ನಿಜಾಮನ ಆಳ್ವಿಕೆಯ ರಾಯಚೂರು ಸೀಮೆಯ ಹುಡುಗನು ಮೇಲಿನ ವಿದ್ಯೆಗಾಗಿ ಉರ್ದುವನ್ನು ಬಾಯಿಪಾಠಮಾಡಬೇಕಾಗಿದ್ದಿತು. ಅಲ್ಲಿಯ ವಕೀಲನು ಇಂಗ್ಲಿಷಿನಲ್ಲಿ ಬಡಾಯಿ ಕೊಚ್ಚಿದರೆ, ಇಲ್ಲಿಯ ದಫ್ತರಿನ ಗುಮಾಸ್ತನು ಉರ್ದುವಿನಲ್ಲಿ ಗತ್ತು ತೋರಿಸುತ್ತಿದ್ದನು. ಅರ್ಜಿ ಹಿಡಿದು ನಿಂತ ರೈತನಿಗೆ ಎರಡೂ ಒಂದೇ. ನಾವು ಉರ್ದುವನ್ನಾಗಲಿ ಇಂಗ್ಲಿಷನ್ನಾಗಲಿ ದ್ವೇಷಿಸುವವರಲ್ಲ. ಈ ಸೀಮೆಯ ಕನ್ನಡವು ಎಷ್ಟೋ ಉರ್ದು ಪದಗಳನ್ನು ಪ್ರೀತಿಯಿಂದ ತನ್ನದಾಗಿಸಿಕೊಂಡಿದೆ. ಮಾತು ಬೆರೆಯುವುದು ದೋಷವಲ್ಲ. ಆ ಮಾತಿನಿಂದ ತನ್ನವರನ್ನು ಕೆಳಗಿಡುವುದು ದೋಷವು. ಕೈಲಾಸಂ ಅವರ ಪ್ರಹಸನವು ಚುಚ್ಚುವುದು ಈ ಎರಡನೆಯದನ್ನು. ಆದುದರಿಂದ ಅವರ ಪಾತ್ರಗಳ ಇಂಗ್ಲಿಷು ಅರ್ಥವಾಗದಿದ್ದರೂ ಅವುಗಳ ಟೊಳ್ಳುತನವು ಕುರ್ಡಿಯ ರೈತನಿಗೆ ಅರ್ಥವಾಗದೆ ಇರದು.

ಡಂಭವನ್ನು ಬಯಲುಮಾಡುವ ಕಲೆಯು ಈ ನೆಲಕ್ಕೆ ಹೊಸದೂ ಅಲ್ಲ. ಮಾನವಿ ತಾಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು, ಮಾನವಿಯ ಜಗನ್ನಾಥದಾಸರು ಬೆಳೆಸಿದ ಹರಿದಾಸ ಪರಂಪರೆಯು ತೋರಿಕೆಯ ಭಕ್ತಿಯನ್ನು ಎಂದಿಗೂ ಮನ್ನಿಸಲಿಲ್ಲ. ಬಯಲಾಟದಲ್ಲಿ ಕಿರೀಟ ಹೊತ್ತು ಬಂದ ರಾಜನನ್ನು, ನೀನು ಯಾರೆಂದು ಸಾರಥಿಯು ಎಲ್ಲರ ಮುಂದೆ ವಿಚಾರಿಸದೆ ಬಿಡನು. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವು ನೆರೆದಾಗ ನಾಡು ಹಲವು ಹೋಳಾಗಿದ್ದಿತು. ೧೯೪೮ರ ಸಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿದು, ೧೯೫೬ರ ನವೆಂಬರ ೧ರಂದು ಈ ಸೀಮೆಯು ಕನ್ನಡದ ಉಳಿದ ಭಾಗಗಳೊಡನೆ ಒಂದಾಯಿತು. ಗಡಿಗಳು ಅಳಿದುವು. ಆದರೆ ಬೆಂಗಳೂರಿನ ನಗೆಯು ತಮ್ಮದಲ್ಲವೆಂದು ಇಲ್ಲಿಯವರೂ, ಬಯಲಾಟವು ತಮ್ಮದಲ್ಲವೆಂದು ಅಲ್ಲಿಯವರೂ ತಿಳಿದಿರುವವರೆಗೆ ಏಕೀಕರಣವು ಪೂರ್ತಿಯಾಗದು.

೧೯೮೦ರ ದಶಕದಲ್ಲಿ ಸಿ. ಆರ್. ಸಿಂಹ ಅವರು ಒಬ್ಬರೇ ರಂಗಕ್ಕೆ ಬಂದು ಕೈಲಾಸಂ ಅವರ ಬಾಳನ್ನು ಅಭಿನಯಿಸಿದಾಗ, ಅವರನ್ನು ಕಾಣದಿದ್ದ ತಲೆಮಾರಿನವರೂ ನಕ್ಕರು, ಮರುಗಿದರು. ಪರೀಕ್ಷೆಯ ಅಂಕಗಳಿಂದಲೇ ಮಕ್ಕಳ ಬೆಲೆ ಕಟ್ಟುವ ತಂದೆತಾಯಿಗಳು ಇಂದಿಗೂ ಪ್ರತಿ ಊರಿನಲ್ಲಿಯೂ ಇರುವರು; ಆದಕಾರಣ ಟೊಳ್ಳುಗಟ್ಟಿಯು ಹಳೆಯದಾಗಿಲ್ಲ. ಹಳ್ಳಿಯ ಶಾಲೆಗಳೂ ತರುಣರ ಸಂಘಗಳೂ ಈ ಪ್ರಹಸನಗಳನ್ನು ಎತ್ತಿಕೊಂಡು, ತಮ್ಮ ಸೀಮೆಯ ಕನ್ನಡದಲ್ಲಿ, ತಮ್ಮ ಊರಿನ ಬಡಾಯಿಗಾರರ ಧಾಟಿಯಲ್ಲಿ ಆಡಲಿ. ಜನರು ಹೊಟ್ಟೆ ತುಂಬ ನಗಲಿ. ನಗುತ್ತಿರುವಾಗ ನಡುವೆ ಒಂದು ಗಳಿಗೆ ಸಭೆಯು ತಾನಾಗಿಯೇ ಸುಮ್ಮನಾದರೆ, ಕೈಲಾಸಂ ಅವರ ನಾಟಕವು ಆ ಊರಿಗೂ ಬಂದು ತಲುಪಿತೆಂದು ತಿಳಿಯಬೇಕು.