ಧ್ರುವಪ್ರಭೆಯ ಕೆಳಗೆ ಒಂದು ಪುಟ್ಟ ಹಡಗು

ಸಾಹಸಿಗಳ ಚರಿತ್ರೆಯನ್ನು ಓದುವಾಗ ನಾವು ಅವರು ಮುಟ್ಟಿದ ಗುರಿಯನ್ನು ನೋಡುತ್ತೇವೆಯೇ ಹೊರತು, ಅದಕ್ಕೆ ಮುಂಚೆ ಅವರು ಕಲಿತ ಪಾಠಗಳನ್ನು ನೋಡುವುದಿಲ್ಲ. ರೋಲ್ಡ್ ಅಮುಂಡ್ಸೆನ್ನನ ಹೆಸರನ್ನು ಕೇಳಿದೊಡನೆ, 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನೆಂದು ಹೇಳಿ ಸುಮ್ಮನಾಗುತ್ತೇವೆ. ನನ್ನ ಮನಸ್ಸನ್ನು ಹಿಡಿದದ್ದು ಅದಕ್ಕಿಂತ ಎಂಟು ವರ್ಷ ಹಿಂದೆ ಅವನು ಒಂದು ಪುಟ್ಟ ಮೀನುಗಾರಿಕೆಯ ಹಡಗಿನಲ್ಲಿ ಉತ್ತರದ ಹಿಮಸಮುದ್ರಕ್ಕೆ ಹೊರಟ ಯಾತ್ರೆ.

ಅಮುಂಡ್ಸೆನ್ ಹುಟ್ಟಿದ್ದು 1872ರ ಜುಲೈ 16ರಂದು, ನಾರ್ವೆ ದೇಶದ ಬೋರ್ಗೆ ಎಂಬಲ್ಲಿ. ತಂದೆ ಹಡಗುಗಳ ಒಡೆಯ. ನಾಲ್ವರು ಗಂಡುಮಕ್ಕಳಲ್ಲಿ ಇವನೇ ಕಿರಿಯ. ಇವನಿಗೆ ಹದಿನಾಲ್ಕು ವರ್ಷವಾದಾಗ ತಂದೆ ತೀರಿಕೊಂಡ. ಈ ಒಬ್ಬ ಮಗನಾದರೂ ಸಮುದ್ರದ ಗೊಡವೆಗೆ ಹೋಗದೆ ವೈದ್ಯನಾಗಲಿ ಎಂಬುದು ತಾಯಿಯ ಆಸೆ. ಆದರೆ ಹುಡುಗ ಹದಿನೈದನೆಯ ವಯಸ್ಸಿನಲ್ಲಿಯೇ ಫ್ರಾಂಕ್ಲಿನ್ ಎಂಬ ಆಂಗ್ಲ ನಾವಿಕನ ಯಾತ್ರಾಕಥನಗಳನ್ನು ಓದಿ ಮರುಳಾಗಿದ್ದ. ಮೈಯನ್ನು ಚಳಿಗೆ ಪಳಗಿಸಲು ನಡುಚಳಿಗಾಲದಲ್ಲಿ ಕಿಟಕಿ ತೆರೆದು ಮಲಗುವನು. ತಾಯಿ ಕೇಳಿದರೆ ಶುದ್ಧ ಗಾಳಿ ಬೇಕೆಂದು ನೆಪ ಹೇಳುವನು. ಅವಳ ಮಾತನ್ನು ಮೀರಲಾರದೆ ವೈದ್ಯಶಾಸ್ತ್ರಕ್ಕೆ ಸೇರಿದನು. 1893ರಲ್ಲಿ ಅವಳು ತೀರಿಕೊಂಡ ಮೇಲೆ ವಿಶ್ವವಿದ್ಯಾನಿಲಯವನ್ನು ಬಿಟ್ಟೇಬಿಟ್ಟನು.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ ಈ ಘಟ್ಟವನ್ನು ಸುಲಭವಾಗಿ ದಾಟಲಾಗಲಿಲ್ಲ. ಮಗ ಡಾಕ್ಟರಾಗುವನೆಂದು ನಂಬಿಯೇ ಆ ತಾಯಿ ಕಣ್ಣು ಮುಚ್ಚಿದಳಲ್ಲ ಎಂದು ಮೊದಲು ಬೇಸರವಾಯಿತು. ಆದರೆ ಮುಂದಿನದನ್ನು ಓದಿದಾಗ, ಅವನು ಬಿಟ್ಟದ್ದು ಕಾಲೇಜನ್ನೇ ವಿನಾ ಕಲಿಯುವುದನ್ನಲ್ಲ ಎಂಬುದು ತಿಳಿಯಿತು. ಸೀಲ್ ಬೇಟೆಯ ಹಡಗಿನಲ್ಲಿ ಸಾಮಾನ್ಯ ನಾವಿಕನಾಗಿ ದುಡಿದನು. 1897ರಿಂದ 1899ರವರೆಗೆ ಬೆಲ್ಜಿಕಾ ಹಡಗಿನಲ್ಲಿದ್ದು ದಕ್ಷಿಣದ ಹಿಮದಲ್ಲಿ ಸೆರೆಸಿಕ್ಕಿದಾಗ, ತಾಜಾ ಮಾಂಸವಿಲ್ಲದಿದ್ದರೆ ಸ್ಕರ್ವಿ ರೋಗ ಮನುಷ್ಯರನ್ನು ಹೇಗೆ ಹಣ್ಣುಮಾಡುತ್ತದೆಂದು ಕಣ್ಣಾರೆ ಕಂಡನು. ಬಳಿಕ ಜರ್ಮನಿಯ ಹ್ಯಾಂಬರ್ಗಿಗೆ ಹೋಗಿ ನೋಯ್ಮಾಯರ್ ಎಂಬ ವೃದ್ಧ ವಿದ್ವಾಂಸನ ಬಳಿ ಭೂಕಾಂತತ್ವವನ್ನು ಅಭ್ಯಾಸಮಾಡಿದನು.

ಅವನು ಕೊಂಡ ಹಡಗಿನ ಹೆಸರು ಯೋವಾ. ಗಾತ್ರ 47 ಟನ್, ಉದ್ದ ಸುಮಾರು 70 ಅಡಿ; ಅವನು ಹುಟ್ಟಿದ ವರ್ಷವೇ ಕಟ್ಟಿದ್ದು. ಹಾಯಿಗಳ ಜೊತೆಗೆ 13 ಅಶ್ವಶಕ್ತಿಯ ಒಂದು ಸಣ್ಣ ಎಂಜಿನು. 1845ರಲ್ಲಿ ಫ್ರಾಂಕ್ಲಿನ್ ಎರಡು ದೊಡ್ಡ ಹಡಗುಗಳಲ್ಲಿ ಅದೇ ವಾಯವ್ಯ ಜಲಮಾರ್ಗವನ್ನು ಹುಡುಕಹೋಗಿ 129 ಜನರೂ ಅಳಿದಿದ್ದರು. ದೊಡ್ಡ ಹಡಗಿಗೆ ಅಲ್ಲಿನ ಆಳವಿಲ್ಲದ ಜಲಸಂಧಿಗಳು ಒಗ್ಗವು, ದೊಡ್ಡ ತಂಡಕ್ಕೆ ಅಲ್ಲಿನ ಬೇಟೆ ಸಾಲದು ಎಂಬುದು ಅಮುಂಡ್ಸೆನ್ನನ ಲೆಕ್ಕಾಚಾರ. ಸಾಲಗಾರರು ಹಡಗನ್ನು ಜಪ್ತಿಮಾಡಿಸುವರೆಂಬ ಭಯದಿಂದ, 1903ರ ಜೂನ್ 16ರ ನಡುರಾತ್ರಿ, ಸುರಿವ ಮಳೆಯಲ್ಲಿ, ಆರು ಸಂಗಾತಿಗಳೊಡನೆ ಹೊರಟನು.

ದಾರಿಯಲ್ಲಿ ಎಂಜಿನಿನ ಕೋಣೆಗೆ ಬೆಂಕಿ ಬಿತ್ತು. ಹಡಗು ಬಂಡೆಯ ಮೇಲೇರಿ ಸಾಮಾನನ್ನು ನೀರಿಗೆಸೆಯಬೇಕಾಯಿತು. ಕೊನೆಗೆ ಕಿಂಗ್ ವಿಲಿಯಂ ದ್ವೀಪದ ಒಂದು ಪುಟ್ಟ ಬಂದರಿನಲ್ಲಿ ಲಂಗರು ಹಾಕಿ ಎರಡು ಚಳಿಗಾಲ ನಿಂತರು. ಉತ್ತರದ ಕಾಂತಧ್ರುವ ಅಲ್ಲಿಗೆ ಸಮೀಪ. ಹಗಲೂ ರಾತ್ರಿಯೂ ಮುಳ್ಳಿನ ಚಲನೆಯನ್ನು ಬರೆದಿಟ್ಟು, 1831ರಲ್ಲಿ ಜೇಮ್ಸ್ ಕ್ಲಾರ್ಕ್ ರಾಸ್ ಗುರುತಿಸಿದ ಸ್ಥಳದಿಂದ ಕಾಂತಧ್ರುವ ಸರಿದಿರುವುದನ್ನು ತೋರಿಸಿಕೊಟ್ಟರು.

ಆ ದೀರ್ಘ ರಾತ್ರಿಗಳ ಆಕಾಶದಲ್ಲಿ ಮೂಡುವುದೇ ಧ್ರುವಪ್ರಭೆ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳನ್ನು ಭೂಮಿಯ ಕಾಂತಕ್ಷೇತ್ರವು ಧ್ರುವಗಳ ಸುತ್ತಣ ಬಳೆಯಂಥ ಪ್ರದೇಶಕ್ಕೆ ಸೆಳೆಯುತ್ತದೆ. ನೂರು ಕಿಲೋಮೀಟರಿಗೂ ಮೇಲೆ ಅವು ಆಮ್ಲಜನಕಕ್ಕೆ ಬಡಿದಾಗ ಹಸುರು ಬೆಳಕು ಹೊಮ್ಮುತ್ತದೆ. ಈ ಕಾಣಿಕೆಯ ಮೂಲ ಸೂರ್ಯನಲ್ಲಿದೆಯೆಂದು ಅದೇ ವರ್ಷಗಳಲ್ಲಿ ವಾದಿಸುತ್ತಿದ್ದವನು ನಾರ್ವೆಯವನೇ ಆದ ಬರ್ಕಲಾಂಡ್. ಬೆಳಕು ಮೇಲೆ ಕುಣಿದಾಗ ಕೆಳಗೆ ಕಾಂತದ ಮುಳ್ಳೂ ನಡುಗುತ್ತದೆ. ಒಂದನ್ನು ಕಣ್ಣು ನೋಡುತ್ತದೆ, ಇನ್ನೊಂದನ್ನು ತಾಳ್ಮೆ ನೋಡಬೇಕು. ಅಮುಂಡ್ಸೆನ್ನನ ತಂಡಕ್ಕೆ ಎರಡೂ ಇದ್ದವು.

ಅವನು ಅಲ್ಲಿ ಪಡೆದ ಮತ್ತೊಂದು ವಿದ್ಯೆ ನೆಟ್ಸಿಲಿಕ್ ಜನರದು. ಹಿಮದ ಮನೆ ಕಟ್ಟುವುದು, ಜಿಂಕೆಯ ಚರ್ಮದ ಸಡಿಲ ಉಡುಪು ತೊಡುವುದು, ನಾಯಿಬಂಡಿ ಓಡಿಸುವುದು, ಇವನ್ನೆಲ್ಲ ಶಿಷ್ಯನಂತೆ ಕಲಿತನು. ದಕ್ಷಿಣ ಧ್ರುವದಲ್ಲಿ ಅವನನ್ನು ಉಳಿಸಿದ್ದು ಈ ಪಾಠವೇ. 1905ರ ಆಗಸ್ಟಿನಲ್ಲಿ ಯೋವಾ ಮತ್ತೆ ಹೊರಟಿತು. ಅದೇ ತಿಂಗಳ 26ರಂದು ಎದುರಿಗೆ ಪಡುವಣ ಕಡಲಿನ ತಿಮಿಂಗಿಲ ಬೇಟೆಯ ಹಡಗು ಕಂಡಿತು. ಮೂರು ಶತಮಾನಗಳಿಂದ ಹುಡುಕುತ್ತಿದ್ದ ದಾರಿ ಸಿಕ್ಕಿತ್ತು. ನಿದ್ರೆ ಆಹಾರಗಳನ್ನು ಮರೆತಿದ್ದ ಮೂವತ್ತಮೂರರ ಅವನನ್ನು ಜನ ಮುದುಕನೆಂದು ಎಣಿಸಿದರಂತೆ. ಮರುಚಳಿಗಾಲದಲ್ಲಿ ಕಾಂತವೀಕ್ಷಣೆಯ ಹೊಣೆ ಹೊತ್ತಿದ್ದ ವೀಕ್ ತೀರಿಕೊಂಡನು. ಉಳಿದವರು 1906ರ ಆಗಸ್ಟ್ 31ರಂದು ಅಲಾಸ್ಕದ ನೋಮ್ ಸೇರಿದರು.

ಅವನಲ್ಲಿ ದೋಷವಿರಲಿಲ್ಲವೆಂದು ನಾನು ಹೇಳಲಾರೆ. ತಾಯಿಗೆ ಮರೆಮಾಡಿದನು, ಸಾಲಗಾರರಿಗೆ ಮರೆಮಾಡಿದನು, 1910ರಲ್ಲಿ ನಾನ್ಸೆನ್ ಬಿಟ್ಟುಕೊಟ್ಟ ಫ್ರಾಮ್ ಹಡಗಿನಲ್ಲಿ ಉತ್ತರಕ್ಕೆಂದು ಹೇಳಿ ದಕ್ಷಿಣಕ್ಕೆ ತಿರುಗಿದನು. 1926ರಲ್ಲಿ ವಾಯುನೌಕೆಯಲ್ಲಿ ಉತ್ತರ ಧ್ರುವವನ್ನು ದಾಟಿದ ಮೇಲೆ ಜೊತೆಗಾರ ನೊಬಿಲೆಯೊಡನೆ ಕಟುವಾಗಿ ಜಗಳವಾಡಿದನು. ಆದರೆ 1928ರಲ್ಲಿ ಆ ನೊಬಿಲೆಯ ವಾಯುನೌಕೆ ಹಿಮದಲ್ಲಿ ಬಿದ್ದಿತೆಂಬ ಸುದ್ದಿ ಬಂದಾಗ, ಜಗಳವನ್ನು ಬದಿಗಿಟ್ಟು ಹುಡುಕಹೊರಟನು. ಜೂನ್ 18ರಂದು ಟ್ರೋಮ್ಸೆಯಿಂದ ಮೇಲೇರಿದ ಆ ವಿಮಾನ ಹಿಂದಿರುಗಲಿಲ್ಲ. ನೊಬಿಲೆ ಬದುಕಿ ಬಂದನು.

ಈ ಒಂದು ಪ್ರಯಾಣದಲ್ಲಿ ಮಾತ್ರ ಅವನು ಯಾರಿಗೂ ಏನನ್ನೂ ಮರೆಮಾಡಲಿಲ್ಲ. ನನ್ನ ದೃಷ್ಟಿಯಲ್ಲಿ ದಕ್ಷಿಣ ಧ್ರುವದ ಬಾವುಟಕ್ಕಿಂತ ಇದು ದೊಡ್ಡದು. ಪುಟ್ಟ ಯೋವಾ 1972ರಲ್ಲಿ ಅಮೆರಿಕದಿಂದ ನಾರ್ವೆಗೆ ಮರಳಿ, ಈಗ ಆಸ್ಲೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಯಜಮಾನನ ದೇಹ ಮಾತ್ರ ಇಂದಿಗೂ ಸಿಕ್ಕಿಲ್ಲ.